ಗಂಟು ಒಂದೇ, ಹುಳು ಯಾವುದು? ಬೇರುಗಂಟು ಜಂತುಹುಳುಗಳ ಪ್ರಭೇದ ಪತ್ತೆ ಮಾಡುವ ಬಗೆ

ಟೊಮೆಟೊ ಗಿಡ ಸೊರಗಿತೆಂದು ಬುಡಸಮೇತ ಕಿತ್ತಾಗ ಬೇರಿನುದ್ದಕ್ಕೂ ಗಂಟುಗಳು ಕಂಡರೆ, ಅದು ಬೇರುಗಂಟು ರೋಗ ಎನ್ನಲು ಯಾವ ಪ್ರಯೋಗಾಲಯವೂ ಬೇಕಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ತರಕಾರಿ ಬೆಳೆಯುವವರು ಒಂದೇ ನೋಟಕ್ಕೆ "ನೆಮಟೋಡ್ ಬಿದ್ದಿದೆ" ಅಂದುಬಿಡುತ್ತಾರೆ. ಆ ಮಾತು ಸರಿಯೇ; ನೆಮಟೋಡ್ ಅಂದರೆ ಜಂತುಹುಳು. ಆದರೆ ಮುಂದಿನ ಪ್ರಶ್ನೆಗೆ ಬರಿಗಣ್ಣಿನಿಂದ ಉತ್ತರ ಸಿಗುವುದಿಲ್ಲ. ನಮ್ಮ ಹೊಲಗಳಲ್ಲಿ ಇಂಥ ಗಂಟು ಮಾಡುವ ಜಂತುಹುಳುಗಳು ಮೆಲಾಯ್ಡೊಗೈನೆ ಎಂಬ ಕುಲಕ್ಕೆ ಸೇರಿದವು. ಆ ಕುಲದಲ್ಲಿ ಸುಮಾರು ನೂರು ಪ್ರಭೇದಗಳಿವೆ. ಈ ಬೇರಿನೊಳಗೆ ಕೂತಿರುವುದು ಅವುಗಳಲ್ಲಿ ಯಾವುದು?

ಯಾವುದಾದರೇನು, ಔಷಧಿ ಹಾಕಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಟೊಮೆಟೊವನ್ನೇ ತೆಗೆದುಕೊಳ್ಳೋಣ. ಬೇರುಗಂಟಿಗೆ ನಿರೋಧಕ ಎಂದು ಮಾರುವ ತಳಿಗಳಲ್ಲಿ ಸಾಮಾನ್ಯವಾಗಿ ಇರುವುದು ಎಂಐ-1 ಎಂಬ ಜೀನು. ಸೊಲಾನಮ್ ಪೆರುವಿಯಾನಮ್ ಎಂಬ ಕಾಡು ಟೊಮೆಟೊದಿಂದ 1940ರ ದಶಕದಲ್ಲಿ ಅದನ್ನು ಬೇಸಾಯದ ಟೊಮೆಟೊಗೆ ತಂದರು. ಈ ಜೀನು ಇನ್‌ಕಾಗ್ನಿಟಾ, ಜವಾನಿಕಾ, ಅರೆನೇರಿಯಾ ಎಂಬ ಮೂರು ಪ್ರಭೇದಗಳನ್ನು ತಡೆಯುತ್ತದೆ. ಹಾಪ್ಲಾ ಎಂಬುದನ್ನು ತಡೆಯುವುದಿಲ್ಲ. ಎಂಟೆರೊಲೋಬಿ ಎಂಬುದನ್ನೂ ತಡೆಯುವುದಿಲ್ಲ. ಮಣ್ಣಿನ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊದಲ ಮೂರರ ಮುಂದೆಯೂ ಅದರ ಬಲ ಕುಗ್ಗುತ್ತದೆ. ಹಾಗಾಗಿ ನಿರೋಧಕ ತಳಿ ಹಾಕಿಯೂ ಬೇರಿನಲ್ಲಿ ಗಂಟು ಬಂತೆಂದರೆ ಬೀಜ ಕಳಪೆಯೋ, ಬೇಸಿಗೆಯ ಬಿಸಿಯೋ, ಅಥವಾ ಆ ಜೀನಿಗೆ ಬಗ್ಗದ ಪ್ರಭೇದವೋ ಎಂದು ತೀರ್ಮಾನಿಸಲು ಹುಳುವಿನ ಹೆಸರು ಗೊತ್ತಿರಲೇಬೇಕು. ಬೆಳೆ ಬದಲಾವಣೆಯೂ ಹೀಗೆಯೇ. ಇನ್‌ಕಾಗ್ನಿಟಾ ಇರುವ ಹೊಲಕ್ಕೆ ನೆಲಗಡಲೆ ಹಾಕಿದರೆ ಹುಳು ಉಪವಾಸ ಬೀಳುತ್ತದೆ. ಅರೆನೇರಿಯಾದ ಒಂದು ವರ್ಗಕ್ಕೆ ಮಾತ್ರ ನೆಲಗಡಲೆಯೇ ಊಟ.

ಈ ಗೊಂದಲ ಇಂದಿನದಲ್ಲ. 1855ರಲ್ಲಿ ಇಂಗ್ಲೆಂಡಿನ ಮೈಲ್ಸ್ ಬರ್ಕ್ಲಿ ಎಂಬ ಸಸ್ಯವಿಜ್ಞಾನಿ ಗಾಜಿನಮನೆಯ ಸೌತೆ ಗಿಡದ ಬೇರಿನಲ್ಲಿ ಗಂಟುಗಳನ್ನು ಕಂಡು, ಒಳಗೆ ಹುಳುಗಳಿವೆ ಎಂದು ಬರೆದರು. ನಮ್ಮ ದೇಶದಲ್ಲಿ 1901ರಲ್ಲಿ ಬಾರ್ಬರ್ ಎಂಬುವರು ನೀಲಗಿರಿ ಸೀಮೆಯ ದೇವಾಲದ ಚಹಾ ತೋಟದಲ್ಲಿ ಇದನ್ನು ಗುರುತಿಸಿದರು. ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಬೇರುಗಂಟು ಮಾಡುವ ಹುಳುಗಳನ್ನೆಲ್ಲ ಹೆಟೆರೊಡೆರಾ ಮ್ಯಾರಿಯೊನಿ ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದರು. ಒಂದೇ ಹುಳು ಒಂದು ಹೊಲದಲ್ಲಿ ನೆಲಗಡಲೆಯನ್ನು ಹಾಳುಮಾಡಿ, ಇನ್ನೊಂದು ಹೊಲದಲ್ಲಿ ಅದನ್ನು ಮುಟ್ಟದೆ ಬಿಡುವುದು ಹೇಗೆ ಎಂಬುದು ಆಗಿನವರಿಗೆ ಒಗಟಾಗಿತ್ತು. 1944ರಲ್ಲಿ ಅಮೆರಿಕದ ಕ್ರಿಸ್ಟಿ ಮತ್ತು ಆಲ್ಬಿನ್ ಈ ವ್ಯತ್ಯಾಸವನ್ನು ಪ್ರಯೋಗ ಮಾಡಿ ತೋರಿಸಿದರು. ಐದು ವರ್ಷ ಕಳೆದು, 1949ರಲ್ಲಿ ಬಿ. ಜಿ. ಚಿಟ್‌ವುಡ್ ಆ ಒಂದು ಹೆಸರನ್ನು ಒಡೆದು ಮೆಲಾಯ್ಡೊಗೈನೆ ಕುಲವನ್ನು ಬೇರ್ಪಡಿಸಿ, ಅದರೊಳಗಿನ ಪ್ರಭೇದಗಳಿಗೆ ಲಕ್ಷಣ ಬರೆದರು. ಅವರು ಆಧಾರವಾಗಿ ಹಿಡಿದದ್ದು ಹೆಣ್ಣುಹುಳುವಿನ ಹಿಂಭಾಗದ ಗೆರೆಗಳನ್ನು. ಆ ಗೆರೆಗಳನ್ನು ನಾವು ಇಂದಿಗೂ ನೋಡುತ್ತಿದ್ದೇವೆ.

ಮಣ್ಣಿನಿಂದ ಗಾಜಿನ ಪಟ್ಟಿಯವರೆಗೆ

ಪತ್ತೆ ಕೆಡುವುದಾದರೆ ಹೆಚ್ಚಿನ ಸಲ ಹೊಲದಲ್ಲೇ ಕೆಟ್ಟಿರುತ್ತದೆ. ಸತ್ತು ಒಣಗಿದ ಗಿಡದ ಬುಡದಿಂದ ಹಿಡಿ ಮಣ್ಣು ತಂದರೆ ಅದರಲ್ಲಿ ಏನೂ ಇರುವುದಿಲ್ಲ. ಊಟ ಮುಗಿದ ಜಾಗದಲ್ಲಿ ಹುಳು ಉಳಿಯುವುದು ಕಡಿಮೆ. ಸೊರಗಲು ಆರಂಭಿಸಿದ, ಇನ್ನೂ ಹಸಿರಿರುವ ಗಿಡಗಳ ಬೇರಿನ ಸುತ್ತ ಒಂದು ಗೇಣು ಆಳದಿಂದ ಮಣ್ಣು, ಅದರ ಜೊತೆ ಎಳೆ ಬೇರು ಬೇಕು. ಹೊಲದ ಹಲವು ಕಡೆಯಿಂದ ತೆಗೆದು ಬೆರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೆರಳಿನಲ್ಲಿಡಬೇಕು. ಬಿಸಿಲಿಗೆ ನಿಂತ ಕಾರಿನೊಳಗೆ ಒಂದು ಮಧ್ಯಾಹ್ನ ಇದ್ದ ಚೀಲದಲ್ಲಿ ಹುಳುಗಳು ಬೆಂದು ಹೋಗಿರುತ್ತವೆ.

ಪ್ರಯೋಗಾಲಯದಲ್ಲಿ ಮಣ್ಣನ್ನು ಬಕೆಟ್ ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿಯಲು ಕೊಂಚ ಬಿಟ್ಟು, ಮೇಲಿನ ನೀರನ್ನು ಒಂದಕ್ಕಿಂತ ಒಂದು ನುಣುಪಾದ ಜರಡಿಗಳ ಮೂಲಕ ಸುರಿಯುತ್ತಾರೆ. ಕೊನೆಯ ಜರಡಿಯ ಕಣ್ಣು 25 ಮೈಕ್ರಾನ್‌ನಷ್ಟು ಸಣ್ಣದು (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್). ಅದರ ಮೇಲೆ ನಿಂತದ್ದನ್ನು ಟಿಶ್ಯೂ ಕಾಗದದ ಮೇಲೆ ಹರಡಿ, ಕಾಗದದ ತಳ ನೀರಿಗೆ ತಾಗುವಂತೆ ಇಟ್ಟು ರಾತ್ರಿಯೆಲ್ಲ ಬಿಟ್ಟರೆ ಜೀವಂತ ಹುಳುಗಳು ಕಾಗದ ನುಸುಳಿ ಕೆಳಗಿನ ನೀರಿಗೆ ಇಳಿಯುತ್ತವೆ.

ಆ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಹತ್ತಾರು ಬಗೆಯ ಹುಳುಗಳು ನುಲಿಯುತ್ತಿರುತ್ತವೆ. ಅವುಗಳಲ್ಲಿ ಬಹಳಷ್ಟು ನಿರುಪದ್ರವಿಗಳು, ಮಣ್ಣಿನ ಬ್ಯಾಕ್ಟೀರಿಯಾ ತಿಂದು ಬದುಕುವಂಥವು. ಗಿಡ ತಿನ್ನುವವು ಯಾವುವೆಂದು ತಿಳಿಯಲು ಮೊದಲು ನೋಡುವುದು ಬಾಯಿಯನ್ನು. ಗಿಡದ ಜೀವಕೋಶ ಚುಚ್ಚಿ ರಸ ಹೀರಲು ಅವುಗಳ ಬಾಯೊಳಗೆ ಟೊಳ್ಳಾದ ಸೂಜಿಯಿರುತ್ತದೆ. ಅದನ್ನು ಸ್ಟೈಲೆಟ್ ಎನ್ನುತ್ತಾರೆ. ಅದರ ಬುಡದಲ್ಲಿ ಮೂರು ಪುಟ್ಟ ಗುಬಟುಗಳಿವೆಯೇ, ಅವು ದುಂಡಗಿವೆಯೇ, ಮುಂದಕ್ಕೆ ಬಾಗಿವೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸೂಜಿ ಇದ್ದ ಮಾತ್ರಕ್ಕೆ ಗಿಡದ ಶತ್ರು ಎಂದೇನಲ್ಲ. ಇತರ ಹುಳುಗಳನ್ನು ಬೇಟೆಯಾಡುವ ಕೆಲವಕ್ಕೂ, ಶಿಲೀಂಧ್ರ ತಿನ್ನುವ ಕೆಲವಕ್ಕೂ ಅದಿದೆ.

ಕುಲವನ್ನು ಗುರುತಿಸುವುದರಲ್ಲಿ ಸೂಕ್ಷ್ಮದರ್ಶಕವನ್ನು ಮೀರಿಸಿದ್ದು ಇವತ್ತಿಗೂ ಇಲ್ಲ ಎಂದೇ ನನ್ನ ಅಭಿಪ್ರಾಯ. ಕೊಡಗಿನ ಕಾಫಿ ತೋಟದ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಹಳದಿಯಾಗಿ ನಿಧಾನಕ್ಕೆ ಸೊರಗುತ್ತಿದೆ, ಬೇರಿನಲ್ಲಿ ಕಂದು ಗಾಯಗಳಿವೆ ಎಂದಿಟ್ಟುಕೊಳ್ಳಿ. ಆ ಗಾಯ ಬೇರು ಕೊರೆಯುವ ರಾಡೊಫೋಲಸ್‌ನಿಂದ ಆಗಿರಬಹುದು, ಕಾಫಿ ಬೇರಿನಿಂದ ಬಂದ ಪ್ರಾಟಿಲೆಂಕಸ್‌ನಿಂದಲೂ ಆಗಿರಬಹುದು. ಎರಡೂ ಅರ್ಧ ಮಿಲಿಮೀಟರ್ ಆಸುಪಾಸಿನ ಉದ್ದದವು, ಎರಡಕ್ಕೂ ಗಿಡ್ಡ, ದಪ್ಪ ಸ್ಟೈಲೆಟ್. ಆದರೆ ಹೆಣ್ಣಿನ ಜನನರಂಧ್ರ ರಾಡೊಫೋಲಸ್‌ನಲ್ಲಿ ದೇಹದ ನಡುಭಾಗದಲ್ಲಿದ್ದರೆ, ಪ್ರಾಟಿಲೆಂಕಸ್‌ನಲ್ಲಿ ಬಾಲದ ಕಡೆಗೆ, ತಲೆಯಿಂದ ಅಳೆದರೆ ಸುಮಾರು ಶೇ. 80ರಷ್ಟು ದೂರದಲ್ಲಿದೆ. ಅನುಭವವಿದ್ದವರು ಇದನ್ನು ಕೆಲವೇ ಸೆಕೆಂಡಿನಲ್ಲಿ ಹೇಳುತ್ತಾರೆ. ಯಾವ ಡಿಎನ್‌ಎ ಪರೀಕ್ಷೆಗೂ ಅಷ್ಟು ವೇಗವಿಲ್ಲ, ಅಷ್ಟು ಅಗ್ಗವೂ ಅಲ್ಲ.

ಪ್ರಭೇದಕ್ಕೆ ಇಳಿದಾಗ ಅಳತೆ ಶುರುವಾಗುತ್ತದೆ. ದೇಹದ ಉದ್ದ, ಗರಿಷ್ಠ ಅಗಲ, ಅನ್ನನಾಳದ ಉದ್ದ, ಬಾಲದ ಉದ್ದ ಅಳೆದು, ಒಟ್ಟು ಉದ್ದವನ್ನು ಉಳಿದವುಗಳಿಂದ ಭಾಗಿಸಿದ ಅನುಪಾತಗಳನ್ನು ಬರೆಯುವ ಪದ್ಧತಿಯನ್ನು ಡಚ್ ವಿಜ್ಞಾನಿ ಡಿ ಮಾನ್ ಹತ್ತೊಂಬತ್ತನೇ ಶತಮಾನದಲ್ಲೇ ಆರಂಭಿಸಿದ್ದರು. ಅಳತೆ ಕೆಲವು ಕಡೆ ಖಚಿತ ಉತ್ತರ ಕೊಡುತ್ತದೆ. ಮಂಡ್ಯ, ಶಿವಮೊಗ್ಗದ ಭತ್ತದ ಗದ್ದೆಗಳಲ್ಲಿ ಬೇರಿನ ತುದಿಯನ್ನು ಕೊಕ್ಕೆಯಂತೆ ಬಾಗಿಸುವ ಗ್ರಾಮಿನಿಕೋಲಾ ಪ್ರಭೇದದ ಮರಿಯ ಬಾಲ ಸುಮಾರು 70 ಮೈಕ್ರಾನ್ ಉದ್ದ, ತುದಿಯ ಪಾರದರ್ಶಕ ಭಾಗವೂ ಉದ್ದ. ಇನ್‌ಕಾಗ್ನಿಟಾದ ಮರಿಯ ಬಾಲ ಸರಾಸರಿ 50 ಮೈಕ್ರಾನ್ ಆಚೀಚೆ. ಇವೆರಡರಲ್ಲಿ ಗೊಂದಲವಾಗುವುದು ಅಪರೂಪ. ಆದರೆ ಇನ್‌ಕಾಗ್ನಿಟಾ, ಜವಾನಿಕಾ, ಅರೆನೇರಿಯಾಗಳ ಮರಿಗಳನ್ನು ಪಕ್ಕಪಕ್ಕ ಇಟ್ಟು ಅಳೆದರೆ ಅಳತೆಗಳು ಒಂದರ ಮೇಲೊಂದು ಬೀಳುತ್ತವೆ. ಒಂದೆರಡು ಮರಿಗಳ ಅಳತೆಯಿಂದ ಹೆಸರು ಹೇಳುವುದು ಸಾಧ್ಯವಿಲ್ಲ.

ಹಿಂಭಾಗದ ಗೆರೆಗಳು

ಆಗ ಹೆಣ್ಣುಹುಳುವಿನ ಮೊರೆ ಹೋಗಬೇಕು. ಬೇರು ಹೊಕ್ಕ ಮರಿ ಒಂದು ಕಡೆ ನೆಲೆ ನಿಂತು, ತನ್ನ ತಲೆಯ ಸುತ್ತಲಿನ ಕೆಲವು ಜೀವಕೋಶಗಳನ್ನು ದೈತ್ಯಗಾತ್ರಕ್ಕೆ ಬೆಳೆಸಿ, ಅವುಗಳಿಂದ ಹೀರುತ್ತ ಉಬ್ಬುತ್ತದೆ. ಎರೆಹುಳುವಿನ ಆಕಾರ ಹೋಗಿ, ಕತ್ತು ಸಣ್ಣಗೆ, ಹೊಟ್ಟೆ ದುಂಡಗೆ, ಮುತ್ತಿನಂತೆ ಬಿಳುಪಾದ ಹೆಣ್ಣಾಗುತ್ತದೆ. ಸುಮಾರು 27 ಡಿಗ್ರಿ ಉಷ್ಣತೆಯಲ್ಲಿ ಇದಕ್ಕೆಲ್ಲ ನಾಲ್ಕು ವಾರ ಸಾಕು. ಅದು ಹಿಂಭಾಗದಿಂದ ಲೋಳೆ ಸುರಿಸಿ, ಆ ಲೋಳೆಯೊಳಗೆ ನೂರಾರು ಮೊಟ್ಟೆ ಇಡುತ್ತದೆ. ಉಬ್ಬಿದ ದೇಹದ ಕೊನೆಯಲ್ಲಿ, ಜನನರಂಧ್ರ ಮತ್ತು ಗುದದ ಸುತ್ತ, ಹೊರಚರ್ಮದ ಮೇಲೆ ಹೆಬ್ಬೆಟ್ಟಿನ ಗುರುತಿನಂತೆ ಗೆರೆಗಳು ಮೂಡಿರುತ್ತವೆ. ಚಿಟ್‌ವುಡ್ ಹಿಡಿದದ್ದು ಇದನ್ನೇ.

ಅದನ್ನು ನೋಡುವ ಕೆಲಸಕ್ಕೆ ತಾಳ್ಮೆ ಬೇಕು. ಗಂಟನ್ನು ತೊಳೆದು, ಕಡಿಮೆ ವರ್ಧನೆಯ ಸೂಕ್ಷ್ಮದರ್ಶಕದ ಕೆಳಗೆ ಎರಡು ಸೂಜಿಗಳಿಂದ ಅಂಗಾಂಶವನ್ನು ಮೆಲ್ಲನೆ ಬಿಡಿಸಬೇಕು. ಒಂದು ಮಿಲಿಮೀಟರ್ ಕೂಡ ಇಲ್ಲದ ಬಿಳಿ ಗುಂಡು ಸಿಗುತ್ತದೆ. ಸೂಜಿ ತುಸು ಜೋರಾಗಿ ತಾಗಿದರೆ ಒಡೆದು ಒಳಗಿನದ್ದೆಲ್ಲ ಹಾಲಿನಂತೆ ಹೊರಚೆಲ್ಲುತ್ತದೆ. ಅದನ್ನು ಶೇ. 45ರ ಲ್ಯಾಕ್ಟಿಕ್ ಆಮ್ಲದ ಹನಿಯಲ್ಲಿಟ್ಟು, ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಳಸುವಂಥ ಸಣ್ಣ ಅಲಗಿನಿಂದ ಹಿಂದಿನ ತುದಿಯನ್ನು ಕತ್ತರಿಸಬೇಕು. ಕತ್ತರಿಸಿದ ಚರ್ಮದ ಒಳಬದಿಗೆ ಅಂಟಿದ ಅಂಗಾಂಶವನ್ನು ಒಂದು ಬಿರುಗೂದಲಿನ ತುದಿಯಿಂದ ಸವರಿ ತೆಗೆದು, ಗೆರೆಗಳು ನಡುವೆ ಬರುವಂತೆ ನಾಲ್ಕು ಬದಿ ಚೌಕವಾಗಿ ಕತ್ತರಿಸಿ, ಗ್ಲಿಸರಿನ್ ಹನಿಗೆ ಸಾಗಿಸಿ, ಹೊರಮೈ ಮೇಲೆ ಬರುವಂತೆ ಮಲಗಿಸಿ, ತೆಳುಗಾಜು ಮುಚ್ಚಬೇಕು. ಆಮೇಲೆ ಎಣ್ಣೆ ಹಾಕಿ ನೋಡುವ ನೂರರ ಲೆನ್ಸ್. ಒಂದು ಮಾದರಿಯಿಂದ ಇಂಥ ಹಲವಾರು ತುಣುಕುಗಳನ್ನು ಮಾಡದೆ ಅಭಿಪ್ರಾಯ ಹೇಳಬಾರದು.

ಗೆರೆಗಳು ಸ್ಪಷ್ಟವಾಗಿ ಬಂದಾಗ ಓದುವುದು ಸುಲಭ. ಜವಾನಿಕಾದಲ್ಲಿ ಎಡಬಲಕ್ಕೆ ಎರಡು ಪಕ್ಕೆಗೆರೆಗಳು ಹಾದು, ಮೇಲಿನ ಗೆರೆಗಳನ್ನೂ ಕೆಳಗಿನ ಗೆರೆಗಳನ್ನೂ ಕತ್ತರಿಸಿದಂತೆ ಬೇರ್ಪಡಿಸುತ್ತವೆ. ಇದೊಂದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಇನ್‌ಕಾಗ್ನಿಟಾದಲ್ಲಿ ಪಕ್ಕೆಗೆರೆ ಇಲ್ಲ. ಮೇಲಿನ ಕಮಾನು ಎತ್ತರ, ತುಸು ಚೌಕ. ಅರೆನೇರಿಯಾದ್ದು ತಗ್ಗಾದ, ದುಂಡನೆಯ ಕಮಾನು. ಹಾಪ್ಲಾ ತಂಪು ಹವೆಯ ಬೆಟ್ಟದ ಸೀಮೆಗಳಲ್ಲಿ ಸಿಗುವ ಪ್ರಭೇದ. ಅದರ ಬಾಲದ ತುದಿಯ ಜಾಗದಲ್ಲಿ ಚುಕ್ಕೆಚುಕ್ಕೆಗಳು ಕಾಣುತ್ತವೆ.

ತೊಂದರೆ ಏನೆಂದರೆ, ಗೆರೆಗಳು ಒಂದೇ ತಾಯಿಯ ಮಕ್ಕಳಲ್ಲೂ ಪೂರ್ತಿ ಒಂದೇ ತೆರನಾಗಿರುವುದಿಲ್ಲ. ಮುದಿ ಹೆಣ್ಣಿನ ಚರ್ಮ ಸುಕ್ಕಾಗುತ್ತದೆ. ಯಾವ ಗಿಡದಲ್ಲಿ ಬೆಳೆಯಿತೆಂಬುದರ ಮೇಲೂ ಅಲ್ಪಸ್ವಲ್ಪ ಬದಲಾಗುತ್ತದೆ. ಪುಸ್ತಕದ ಚಿತ್ರಕ್ಕೂ ಕಣ್ಣ ಮುಂದಿನ ತುಣುಕಿಗೂ ನಡುವೆ ಅನುಮಾನ ಉಳಿದಾಗ, ಮನಸ್ಸು ತಾನು ಹೆಚ್ಚು ಸಲ ಕಂಡ ಹೆಸರಿನ ಕಡೆಗೇ ವಾಲುತ್ತದೆ. ನಮ್ಮಲ್ಲಿ ಹೆಚ್ಚು ಸಲ ಕಂಡ ಹೆಸರು ಇನ್‌ಕಾಗ್ನಿಟಾ.

ಸೀಬೆ ತೋಟದ ಪಾಠ

ಈ ವಾಲುವಿಕೆ ಎಷ್ಟು ದುಬಾರಿ ಎಂಬುದನ್ನು ಸೀಬೆ ತೋರಿಸಿಕೊಟ್ಟಿತು. ಮೆಲಾಯ್ಡೊಗೈನೆ ಎಂಟೆರೊಲೋಬಿ ಎಂಬ ಪ್ರಭೇದಕ್ಕೆ 1983ರಲ್ಲಿ ಹೆಸರಿಟ್ಟದ್ದು ಚೀನಾದ ಹೈನಾನ್ ದ್ವೀಪದ ಒಂದು ಮರದ ಬೇರಿನಿಂದ ತೆಗೆದ ಮಾದರಿಯನ್ನು ನೋಡಿ. 1988ರಲ್ಲಿ ಪೋರ್ಟೊರಿಕೊದ ಬದನೆ ಬೇರಿನಲ್ಲಿ ಸಿಕ್ಕ ಹುಳುವಿಗೆ ಮಾಯಾಗ್ವೆನ್ಸಿಸ್ ಎಂಬ ಬೇರೆ ಹೆಸರು ಬಂತು. ಎರಡೂ ಒಂದೇ ಎಂದು ಒಪ್ಪಿದ್ದು ಎಷ್ಟೋ ವರ್ಷಗಳ ನಂತರ, ಡಿಎನ್‌ಎ, ಕಿಣ್ವ ಮತ್ತು ಮೂಲ ಮಾದರಿಗಳನ್ನು ಮತ್ತೆ ಹೋಲಿಸಿ ನೋಡಿದ ಮೇಲೆ. ಬ್ರೆಜಿಲ್‌ನಲ್ಲಿ ಈ ಹುಳು ಫ್ಯುಸೇರಿಯಂ ಶಿಲೀಂಧ್ರದ ಜೊತೆ ಸೇರಿ ಸೀಬೆ ತೋಟಗಳನ್ನೇ ಮುಗಿಸಿತು. ಭಾರತದಲ್ಲಿ 2016ರಲ್ಲಿ ತಮಿಳುನಾಡಿನ ಸೀಬೆ ತೋಟಗಳಿಂದ ಇದರ ವರದಿ ಬಂತು.

ಇದರ ಹಿಂಭಾಗದ ಗೆರೆಗಳು ದುಂಡು ಅಥವಾ ಮೊಟ್ಟೆಯಾಕಾರ, ಕಮಾನು ಎತ್ತರ. ಇನ್‌ಕಾಗ್ನಿಟಾವನ್ನೇ ನೆನಪಿಸುತ್ತವೆ. ಮರಿಗಳ ಅಳತೆಯೂ ಅದಕ್ಕೆ ಹತ್ತಿರ. ಗೆರೆಗಳನ್ನು ಮಾತ್ರ ನಂಬಿದವರ ಕೈಯಿಂದ ಇದು ಸುಲಭವಾಗಿ ಜಾರಿಹೋಗುತ್ತದೆ. ಹೊರಗಿನ ಲಕ್ಷಣವೂ ದಾರಿ ತಪ್ಪಿಸುವಂಥದ್ದೇ: ಎಲೆಯಂಚು ಕೆಂಪಾಗಿ, ಹಳದಿಯಾಗಿ, ಕಾಯಿ ಸಣ್ಣದಾಗಿ, ಪೋಷಕಾಂಶದ ಕೊರತೆ ಎಂದು ಗೊಬ್ಬರದ ಮೇಲೆ ಗೊಬ್ಬರ ಸುರಿಯುವಂತೆ ಮಾಡುತ್ತದೆ. ಟೊಮೆಟೊದ ಎಂಐ-1 ಜೀನಿಗೆ ಬಗ್ಗದ ಹುಳುವೂ ಇದೇ. ಸೀಬೆ ತೋಟದ ಸಾಲುಗಳ ನಡುವೆ ನಿರೋಧಕ ಟೊಮೆಟೊ ಎಂದು ನಂಬಿ ಹಾಕಿದರೆ ಎರಡೂ ಹೋಗುತ್ತವೆ.

ಗೆರೆ ಮತ್ತು ಡಿಎನ್‌ಎ ನಡುವಿನ ಕಾಲದಲ್ಲಿ ಎರಡು ಉಪಾಯಗಳು ಬಂದವು. ಒಂದು, ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಟೇಲರ್ ಮತ್ತು ಸ್ಯಾಸರ್ 1978ರಲ್ಲಿ ಪ್ರಕಟಿಸಿದ ಆಶ್ರಯ ಗಿಡಗಳ ಪರೀಕ್ಷೆ: ಗೊತ್ತುಪಡಿಸಿದ ತಳಿಯ ಹತ್ತಿ, ಹೊಗೆಸೊಪ್ಪು, ಮೆಣಸಿನಕಾಯಿ, ಕಲ್ಲಂಗಡಿ, ನೆಲಗಡಲೆ, ಟೊಮೆಟೊ ಈ ಆರನ್ನು ಕುಂಡದಲ್ಲಿ ಬೆಳೆಸಿ, ಹುಳು ಬಿಟ್ಟು, ಯಾವುದರಲ್ಲಿ ವೃದ್ಧಿಯಾಯಿತು ಎಂದು ನೋಡುವುದು. ಎರಡು ತಿಂಗಳು ಹಿಡಿಯುತ್ತದೆ, ಹೊಸ ಪ್ರಭೇದ ಬಂದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ಹೆಚ್ಚು ಗಟ್ಟಿಯಾದದ್ದು. 1985ರ ಹೊತ್ತಿಗೆ ಎಸ್ಬೆನ್‌ಶೇಡ್ ಮತ್ತು ಟ್ರಯಾಂಟಫಿಲು, ಒಂದೇ ಒಂದು ಹೆಣ್ಣುಹುಳುವನ್ನು ಅರೆದು ಅದರ ಎಸ್ಟೆರೇಸ್ ಕಿಣ್ವವನ್ನು ಜೆಲ್ ಎಂಬ ಲೋಳೆಪದರದಲ್ಲಿ ವಿದ್ಯುತ್ ಹರಿಸಿ ಓಡಿಸಿದರೆ ಪ್ರಭೇದಕ್ಕೊಂದು ಪಟ್ಟೆಗಳ ಜೋಡಣೆ ಮೂಡುತ್ತದೆಂದು ತೋರಿಸಿದರು. ಜವಾನಿಕಾದಲ್ಲಿ ಮೂರು ಪಟ್ಟೆ, ಇನ್‌ಕಾಗ್ನಿಟಾದಲ್ಲಿ ಸಾಮಾನ್ಯವಾಗಿ ಒಂದು. ಎಂಟೆರೊಲೋಬಿಯ ಜೋಡಣೆ ಇವೆರಡಕ್ಕೂ ಹೊಂದುವುದಿಲ್ಲ. ಇದಕ್ಕೆ ಮೊಟ್ಟೆ ಇಡಲು ಶುರುಮಾಡಿದ ಎಳೆಯ ಹೆಣ್ಣೇ ಬೇಕು. ಮಣ್ಣಿನಲ್ಲಿ ಸಿಗುವ ಮರಿಯಿಂದ ಆಗುವುದಿಲ್ಲ.

ಡಿಎನ್‌ಎ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಡಿಎನ್‌ಎ ವಿಧಾನಕ್ಕೆ ಮರಿಯಾದರೂ ಸಾಕು, ಮೊಟ್ಟೆಯಾದರೂ ಸಾಕು, ಹೆಣ್ಣಿನ ಒಂದು ತುಂಡಾದರೂ ಸಾಕು. ಅದರ ದೊಡ್ಡ ಬಲ ಇದು. ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದಾದ ಮರಿಯೊಂದನ್ನು ಸೂಜಿಯಿಂದ ಎತ್ತಿ, ಸಣ್ಣ ಹನಿಯಲ್ಲಿ ತುಂಡರಿಸಿ, ಪ್ರೋಟೀನ್ ಕರಗಿಸುವ ಕಿಣ್ವ ಹಾಕಿ ಸುಮಾರು 60 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಆಮೇಲೆ 95 ಡಿಗ್ರಿಗೆ ಕಾಯಿಸಿ ಆ ಕಿಣ್ವವನ್ನು ನಿಷ್ಕ್ರಿಯಗೊಳಿಸಿದರೆ ಡಿಎನ್‌ಎ ದ್ರಾವಣ ಸಿದ್ಧ. ಮಾದರಿಯನ್ನು ಹಿಂದಿನ ರೂಢಿಯಂತೆ ಫಾರ್ಮಲಿನ್‌ನಲ್ಲಿ ಹಾಕಿಟ್ಟಿದ್ದರೆ ಮಾತ್ರ ಕಷ್ಟ. ಫಾರ್ಮಲಿನ್ ಆಕಾರವನ್ನು ಚೆನ್ನಾಗಿ ಕಾಪಾಡುತ್ತದೆ, ಡಿಎನ್‌ಎಯನ್ನು ಹಾಳುಮಾಡುತ್ತದೆ. ಎರಡೂ ಉಳಿಯಬೇಕೆಂದರೆ ಡಿಎಂಎಸ್‌ಒ, ಇಡಿಟಿಎ ಎಂಬ ರಾಸಾಯನಿಕಗಳನ್ನೂ ಉಪ್ಪನ್ನೂ ಸೇರಿಸಿದ ದ್ರಾವಣ ಬಳಸುತ್ತಾರೆ.

ಆ ಚೂರು ಡಿಎನ್‌ಎಯಲ್ಲಿ ನಮಗೆ ಬೇಕಾದ ಭಾಗವನ್ನು ಮಾತ್ರ ನಕಲು ಮಾಡುವುದು ಪಿಸಿಆರ್. ಆ ಭಾಗದ ಎರಡು ತುದಿಗಳಿಗೆ ಮಾತ್ರ ಅಂಟುವಂತೆ ಮೊದಲೇ ತಯಾರಿಸಿದ ಗಿಡ್ಡ ಡಿಎನ್‌ಎ ಎಳೆಗಳಿಗೆ ಪ್ರೈಮರ್ ಎನ್ನುತ್ತಾರೆ. ಕಾಯಿಸಿದಾಗ ಡಿಎನ್‌ಎಯ ಎರಡು ಎಳೆ ಬಿಡಿಸಿಕೊಳ್ಳುತ್ತವೆ, ತಣಿದಾಗ ಪ್ರೈಮರ್ ತನ್ನ ಜಾಗ ಹುಡುಕಿ ಅಂಟುತ್ತದೆ, 72 ಡಿಗ್ರಿಯಲ್ಲಿ ಕಿಣ್ವ ಉಳಿದದ್ದನ್ನು ತುಂಬುತ್ತದೆ. ಪ್ರತಿ ಸುತ್ತಿಗೂ ದುಪ್ಪಟ್ಟು. 30 ಸುತ್ತು ಮುಗಿದಾಗ, ಎಲ್ಲವೂ ಸರಿಯಾಗಿ ನಡೆದರೆ, ಒಂದು ಪ್ರತಿ 107 ಕೋಟಿಯಾಗಿರುತ್ತದೆ. ಅದನ್ನು ಜೆಲ್‌ನಲ್ಲಿ ಓಡಿಸಿದರೆ ತುಣುಕಿನ ಉದ್ದಕ್ಕೆ ತಕ್ಕ ಜಾಗದಲ್ಲಿ ಪಟ್ಟೆ ಕಾಣುತ್ತದೆ. ಪ್ರೈಮರ್ ಒಂದೇ ಪ್ರಭೇದಕ್ಕೆ ಅಂಟುವಂಥದ್ದಾಗಿದ್ದರೆ ಪಟ್ಟೆ ಕಂಡಿತೆಂದರೆ ಹೆಸರು ಸಿಕ್ಕಂತೆ. 2000ದಲ್ಲಿ ನೆದರ್‌ಲ್ಯಾಂಡ್ಸ್‌ನ ತಂಡವೊಂದು ಪ್ರಕಟಿಸಿದ ಪ್ರೈಮರ್‌ಗಳು ಇಂದಿಗೂ ಬಳಕೆಯಲ್ಲಿವೆ: ಜವಾನಿಕಾಗೆ 670, ಅರೆನೇರಿಯಾಗೆ 420, ಇನ್‌ಕಾಗ್ನಿಟಾಗೆ ಸುಮಾರು 1,200 ಬೇಸ್ ಜೋಡಿ (ಡಿಎನ್‌ಎಯ ಉದ್ದ ಅಳೆಯುವ ಏಕಮಾನ) ಉದ್ದದ ಪಟ್ಟೆ.

ಇಲ್ಲಿ ಒಂದು ಎಚ್ಚರಿಕೆ. ಪಟ್ಟೆ ಬಾರದಿದ್ದರೆ "ಆ ಪ್ರಭೇದ ಇಲ್ಲ" ಎಂದು ಬರೆದುಬಿಡುವ ವರದಿಗಳನ್ನು ಕಂಡರೆ ನನಗೆ ಕಳವಳವಾಗುತ್ತದೆ. ಡಿಎನ್‌ಎ ಸರಿಯಾಗಿ ಹೊರಬಂದಿಲ್ಲದಿದ್ದರೂ, ಬೇರಿನ ರಸ ಪಿಸಿಆರ್ ಕಿಣ್ವವನ್ನು ತಡೆದರೂ ಪಟ್ಟೆ ಬರುವುದಿಲ್ಲ. ಹೆಸರು ಖಚಿತವಾಗಿ ಗೊತ್ತಿರುವ ಹುಳುವಿನ ಡಿಎನ್‌ಎ ಒಂದು ಕೊಳವೆಯಲ್ಲಿ, ಬರೀ ನೀರು ಇನ್ನೊಂದರಲ್ಲಿ, ಯಾವ ಜಂತುಹುಳುವಿಗೂ ಅಂಟುವ ಸಾಮಾನ್ಯ ಪ್ರೈಮರ್ ಮತ್ತೊಂದರಲ್ಲಿ ಜೊತೆಗೇ ಓಡದೆ ಆ ಜೆಲ್ ಏನನ್ನೂ ಸಾಬೀತು ಮಾಡುವುದಿಲ್ಲ.

ಪಟ್ಟೆಯ ಬದಲು ಡಿಎನ್‌ಎಯ ಅಕ್ಷರಗಳ ಸಾಲನ್ನೇ ಓದಿಸಿ, ಅಂತರರಾಷ್ಟ್ರೀಯ ದತ್ತಕೋಶ ಜೀನ್‌ಬ್ಯಾಂಕ್‌ನಲ್ಲಿರುವುದಕ್ಕೆ ಹೋಲಿಸುವುದು ಈಗ ಎಲ್ಲೆಡೆ ರೂಢಿ. ಇದಕ್ಕೆ ಹೆಚ್ಚಾಗಿ ಆರಿಸುವುದು ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ ಜೀನುಗಳ ನಡುವಿನ ಐಟಿಎಸ್ ಭಾಗವನ್ನು. ಹಲವು ಗುಂಪುಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇನ್‌ಕಾಗ್ನಿಟಾ, ಜವಾನಿಕಾ, ಅರೆನೇರಿಯಾಗಳ ಮುಂದೆ ಅದು ಕೈಚೆಲ್ಲುತ್ತದೆ. ಈ ಮೂರೂ ಗಂಡಿನ ಹಂಗಿಲ್ಲದೆ ಸಂತಾನ ಬೆಳೆಸುವಂಥವು. ಹಿಂದೆ ಪ್ರಭೇದಗಳ ನಡುವೆ ನಡೆದ ಸಂಕರದಿಂದ ಹುಟ್ಟಿದವು. ಅವುಗಳ ಜೀನೋಮಿನ ಪ್ರತಿಗಳು ಎರಡಲ್ಲ, ಮೂರೋ ನಾಲ್ಕೋ. ಬೇರೆಯಾಗಿ ಹೆಚ್ಚು ಕಾಲವಾಗಿಲ್ಲ. ಹಾಗಾಗಿ ಐಟಿಎಸ್ ಸಾಲು ಮೂರಕ್ಕೂ ಶೇ. 99ಕ್ಕಿಂತ ಹೆಚ್ಚು ಹೊಂದುತ್ತದೆ. ಪಟ್ಟಿಯಲ್ಲಿ ಮೊದಲು ಬಂದ ಹೆಸರನ್ನು ಬರೆದುಕೊಂಡರೆ ಅದು ಪತ್ತೆಯಲ್ಲ, ಅದೃಷ್ಟ. ಸಾಲದ್ದಕ್ಕೆ ದತ್ತಕೋಶಕ್ಕೆ ಸಾಲುಗಳನ್ನು ಸೇರಿಸಿದವರಲ್ಲೂ ಕೆಲವರು ಹುಳುವಿನ ಹೆಸರು ತಪ್ಪು ಬರೆದಿರುತ್ತಾರೆ. ಆ ತಪ್ಪಿಗೆ ನಿಮ್ಮ ಮಾದರಿ ಹೊಂದಿಕೊಂಡರೆ ತಪ್ಪು ಎರಡಾಗುತ್ತದೆ.

ಇಂಥಲ್ಲಿ ಕೈ ಹಿಡಿಯುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ, ತಾಯಿಯಿಂದ ಮಾತ್ರ ಬರುವ ಡಿಎನ್‌ಎ. ಅದರ ಎರಡು ಜೀನುಗಳ ನಡುವಿನ ಒಂದು ಭಾಗದ ಉದ್ದವೇ ಪ್ರಭೇದದಿಂದ ಪ್ರಭೇದಕ್ಕೆ ಬೇರೆ ಎಂದು 1993ರಲ್ಲಿ ಪವರ್ಸ್ ಮತ್ತು ಹ್ಯಾರಿಸ್ ತೋರಿಸಿದ್ದರು. ಹಾಪ್ಲಾದಲ್ಲಿ ಸುಮಾರು 520 ಬೇಸ್ ಜೋಡಿ, ಅರೆನೇರಿಯಾದಲ್ಲಿ 1,100, ಇನ್‌ಕಾಗ್ನಿಟಾ ಮತ್ತು ಜವಾನಿಕಾದಲ್ಲಿ 1,700ರ ಆಸುಪಾಸು. ಎಂಟೆರೊಲೋಬಿಯಲ್ಲಿ 705 ಎಂದು ಆಮೇಲೆ ತಿಳಿಯಿತು. ಗೆರೆಗಳಲ್ಲಿ ಇನ್‌ಕಾಗ್ನಿಟಾದ ವೇಷ ಹಾಕಿದ್ದ ಸೀಬೆಯ ಹುಳು ಜೆಲ್‌ನಲ್ಲಿ ಅದಕ್ಕಿಂತ ಬಲು ದೂರ ನಿಲ್ಲುತ್ತದೆ. ಇನ್‌ಕಾಗ್ನಿಟಾ, ಜವಾನಿಕಾಗಳ ನಡುವಿನ ಸೂಕ್ಷ್ಮ ವ್ಯತ್ಯಾಸಕ್ಕೆ 2016ರಿಂದೀಚೆಗೆ ಎನ್‌ಎಡಿ5 ಎಂಬ ಮೈಟೊಕಾಂಡ್ರಿಯಾ ಜೀನಿನ ಸಾಲನ್ನು ಓದುವುದು ನೆಚ್ಚಿನ ವಿಧಾನವಾಗಿದೆ.

ಹೊಲದ ಬದಿಯಲ್ಲೇ 60-65 ಡಿಗ್ರಿಯ ಒಂದೇ ಬಿಸಿಯಲ್ಲಿ ಮುಗಿಯುವ ಲ್ಯಾಂಪ್ ಎಂಬ ಪರೀಕ್ಷೆಯೂ, ಹುಳುವಿನ ಸಂಖ್ಯೆಯನ್ನೂ ಅಂದಾಜಿಸುವ ರಿಯಲ್‌ಟೈಮ್ ಪಿಸಿಆರ್ ಕೂಡ ಬಂದಿವೆ. ಏನನ್ನು ಹುಡುಕುತ್ತಿದ್ದೇವೆ ಎಂದು ಮೊದಲೇ ಗೊತ್ತಿರುವಾಗ ಅವು ಬಹಳ ಉಪಯೋಗಿ. ಗೊತ್ತಿಲ್ಲದ ಹುಳು ಬಂದರೆ ಅವು ಸುಮ್ಮನಿರುತ್ತವೆ.

ಒಂದೇ ಹುಳು, ಎರಡು ಸಾಕ್ಷಿ

ಹಾಗಾದರೆ ಗೆರೆಯನ್ನು ನಂಬಬೇಕೋ ಡಿಎನ್‌ಎಯನ್ನೋ? ಪ್ರಶ್ನೆಯನ್ನು ಹೀಗಿಟ್ಟರೆ ತಪ್ಪು ದಾರಿ ಹಿಡಿದಂತೆ. ಒಂದು ಹೊಲದ ಬೇರಿನಲ್ಲಿ, ಎಷ್ಟೋ ಸಲ ಒಂದೇ ಗಂಟಿನಲ್ಲಿ, ಎರಡು ಪ್ರಭೇದಗಳು ಒಟ್ಟಿಗೆ ಇರುತ್ತವೆ. ಒಂದು ಹೆಣ್ಣಿನ ಗೆರೆ ನೋಡಿ, ಇನ್ನೊಂದು ಹುಳುವಿನ ಡಿಎನ್‌ಎ ಓದಿ, ಎರಡನ್ನೂ ಒಂದೇ ವರದಿಯಲ್ಲಿ ಸೇರಿಸಿದರೆ ಅದು ಯಾವ ಹುಳುವಿನ ವಿವರ ಎಂದೇ ಹೇಳಲಾಗುವುದಿಲ್ಲ. ಒಳ್ಳೆಯ ಪ್ರಯೋಗಾಲಯಗಳು ಮಾಡುವ ಕೆಲಸ ಹೀಗಿದೆ: ಒಂದು ಹೆಣ್ಣನ್ನು ಅದರ ಮೊಟ್ಟೆಗಳ ಸಮೇತ ಬಿಡಿಸುತ್ತಾರೆ. ಹಿಂಭಾಗ ಕತ್ತರಿಸಿ ಗೆರೆಗೆ ಇಡುತ್ತಾರೆ. ಉಳಿದ ದೇಹ ಡಿಎನ್‌ಎಗೆ ಅಥವಾ ಕಿಣ್ವಕ್ಕೆ ಹೋಗುತ್ತದೆ. ಆವಿಯಲ್ಲಿ ಬೇಯಿಸಿ ಶುದ್ಧಮಾಡಿದ ಮಣ್ಣಿನ ಕುಂಡದಲ್ಲಿರುವ ಎಳೆ ಟೊಮೆಟೊ ಬುಡಕ್ಕೆ ಮೊಟ್ಟೆಗಳನ್ನು ಬಿಡುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಒಂದೇ ತಾಯಿಯ ಶುದ್ಧ ಸಂತತಿ ಕೈಯಲ್ಲಿರುತ್ತದೆ. ಅನುಮಾನ ಬಂದರೆ ಯಾವ ಪರೀಕ್ಷೆಯನ್ನಾದರೂ ಮತ್ತೆ ಮಾಡಬಹುದು. ಗೆರೆ ಒಂದು ಹೆಸರು, ಡಿಎನ್‌ಎ ಇನ್ನೊಂದು ಹೆಸರು ಹೇಳಿದರೆ ಆ ಮಾದರಿಯನ್ನು ಬದಿಗೆ ಸರಿಸಬಾರದು. ಹೊಸ ಪ್ರಭೇದಗಳು ಸಿಕ್ಕಿರುವುದು ಇಂಥ ಭಿನ್ನಾಭಿಪ್ರಾಯದಲ್ಲೇ.

ಹಳೆಯ ತೀರ್ಮಾನಗಳು ಬಿದ್ದುಹೋದದ್ದೂ ಹೀಗೆಯೇ. ಅಮೆರಿಕದ ಫ್ಲಾರಿಡಾದಲ್ಲಿ ಕಿತ್ತಳೆ ಜಾತಿಯ ಬೇರು ಕೊರೆಯುವ ರಾಡೊಫೋಲಸ್, ಬಾಳೆ ಕೊರೆಯುವುದಕ್ಕಿಂತ ಬೇರೆ ಪ್ರಭೇದ ಎಂದು 1984ರಲ್ಲಿ ಸಿಟ್ರೋಫಿಲಸ್ ಎಂಬ ಹೆಸರು ಕೊಟ್ಟಿದ್ದರು. ಮುಂದೆ ಡಿಎನ್‌ಎ ಮತ್ತು ಆಕಾರ ಎರಡನ್ನೂ ಹೋಲಿಸಿದಾಗ ಬೇರ್ಪಡಿಸುವ ಆಧಾರ ಉಳಿಯಲಿಲ್ಲ. ಈಗ ಎರಡೂ ಸಿಮಿಲಿಸ್ ಎಂಬ ಒಂದೇ ಹೆಸರಿನಲ್ಲಿವೆ.

ಎರಡೂ ಸಾಕ್ಷಿಗಳು ಚೆನ್ನಾಗಿ ಹೊಂದುವ ಉದಾಹರಣೆ ಬೇಕೆಂದರೆ ನಮ್ಮ ಗಡಿಯಾಚೆಗಿನ ಊಟಿಗೆ ಹೋಗಬೇಕು. 1961ರಲ್ಲಿ ಎಫ್. ಜಿ. ಡಬ್ಲ್ಯು. ಜೋನ್ಸ್ ಅಲ್ಲಿನ ಆಲೂಗಡ್ಡೆ ಹೊಲದಲ್ಲಿ ಸಿಸ್ಟ್ ಜಂತುಹುಳುವನ್ನು ಕಂಡರು. ಸತ್ತ ಹೆಣ್ಣಿನ ಚರ್ಮವೇ ಗಟ್ಟಿ ಚೀಲವಾಗಿ, ನೂರಾರು ಮೊಟ್ಟೆಗಳನ್ನು ವರ್ಷಗಟ್ಟಲೆ ಕಾಪಾಡುವ ಹುಳು ಇದು. ಇದರಲ್ಲಿ ಎರಡು ಪ್ರಭೇದಗಳಿವೆ, ನೀಲಗಿರಿಯಲ್ಲಿ ಎರಡೂ ಇವೆ. ರೋಸ್ಟೊಕಿಯೆನ್ಸಿಸ್‌ನ ಹೆಣ್ಣು ಬಲಿಯುವಾಗ ಚಿನ್ನದ ಹಳದಿಗೆ ತಿರುಗುತ್ತದೆ, ಪ್ಯಾಲಿಡಾ ಬಿಳಿಯಾಗಿಯೇ ಇದ್ದು ಕಂದಾಗುತ್ತದೆ. ಮರಿಯ ಸ್ಟೈಲೆಟ್ಟಿನ ಗುಬಟುಗಳು ಮೊದಲನೆಯದರಲ್ಲಿ ದುಂಡಗೆ, ಎರಡನೆಯದರಲ್ಲಿ ಮುಂದಕ್ಕೆ ಚಾಚಿರುತ್ತವೆ. ಐಟಿಎಸ್ ಭಾಗಕ್ಕೆ ಮಾಡಿದ ಪ್ರೈಮರ್‌ಗಳು ಒಂದೇ ಕೊಳವೆಯಲ್ಲಿ ಮೊದಲನೆಯದಕ್ಕೆ 434, ಎರಡನೆಯದಕ್ಕೆ 265 ಬೇಸ್ ಜೋಡಿಯ ಪಟ್ಟೆ ಕೊಡುತ್ತವೆ. ಕಣ್ಣು ಮತ್ತು ಜೆಲ್ ಒಂದೇ ಮಾತು ಹೇಳುತ್ತವೆ.

ಇವೆರಡರ ವ್ಯತ್ಯಾಸ ತಿಳಿಯುವ ಮೊದಲು ಏನಾಯಿತೆಂಬುದೂ ದಾಖಲಾಗಿದೆ. ಬ್ರಿಟನ್ನಿನಲ್ಲಿ 1966ರಲ್ಲಿ ಬಿಡುಗಡೆಯಾದ ಮಾರಿಸ್ ಪೈಪರ್ ಎಂಬ ಆಲೂಗಡ್ಡೆ ತಳಿಯಲ್ಲಿ ಎಚ್1 ಎಂಬ ನಿರೋಧಕ ಜೀನಿತ್ತು. ಅದು ರೋಸ್ಟೊಕಿಯೆನ್ಸಿಸ್‌ನ ಕೆಲವು ವರ್ಗಗಳನ್ನು ತಡೆಯುತ್ತದೆ. ಪ್ಯಾಲಿಡಾವನ್ನು ತಡೆಯುವುದೇ ಇಲ್ಲ. ಆಗ ಎರಡಕ್ಕೂ ಒಂದೇ ಹೆಸರು. ಪ್ಯಾಲಿಡಾ ಬೇರೆ ಪ್ರಭೇದ ಎಂದು ಸ್ಟೋನ್ ಬರೆದದ್ದು 1973ರಲ್ಲಿ. ಆ ತಳಿಯನ್ನು ಮತ್ತೆ ಮತ್ತೆ ಬೆಳೆದ ಹೊಲಗಳಲ್ಲಿ ಒಂದು ಹುಳು ಕಡಿಮೆಯಾಗುತ್ತ ಬಂತು, ಖಾಲಿಯಾದ ಜಾಗವನ್ನು ಇನ್ನೊಂದು ತುಂಬಿತು. ಇಂದು ಇಂಗ್ಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ ಪ್ಯಾಲಿಡಾದ್ದೇ ಮೇಲುಗೈ.

ನಮ್ಮ ಬೆಳೆಗಾರರಿಗೆ ಇದರಿಂದ ಈಗಲೇ ಆಗಬೇಕಾದ ಕೆಲಸ ಒಂದಿದೆ, ಅದು ನರ್ಸರಿಯಲ್ಲಿದೆ. ಎಂಟೆರೊಲೋಬಿ ತಾನಾಗಿ ವರ್ಷಕ್ಕೆ ಕೆಲವು ಅಡಿಯಷ್ಟೂ ಹರಿಯಲಾರದು. ಅದು ಜಿಲ್ಲೆಯಿಂದ ಜಿಲ್ಲೆಗೆ, ರಾಜ್ಯದಿಂದ ರಾಜ್ಯಕ್ಕೆ ಬರುವುದು ಪ್ಲಾಸ್ಟಿಕ್ ಚೀಲದ ಸೀಬೆ ಸಸಿಯ ಬೇರಿನಲ್ಲಿ. ಎಕರೆಗಟ್ಟಲೆ ಸಸಿ ತರಿಸುವವರು ಲಾರಿ ಇಳಿಸುವ ಮೊದಲು ಅಲ್ಲೊಂದು ಇಲ್ಲೊಂದು ಚೀಲ ಹರಿದು, ಬೇರು ತೊಳೆದು ನೋಡಲಿ. ಗಂಟು ಕಂಡರೆ ಆ ಸಸಿಗಳನ್ನು ನೆಡದೆ, ಬೇರು ಮತ್ತು ಮಣ್ಣನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೃಷಿ ಅಥವಾ ತೋಟಗಾರಿಕೆ ವಿಶ್ವವಿದ್ಯಾಲಯದ ಜಂತುಹುಳು ವಿಭಾಗಕ್ಕೋ ಒಯ್ದು, "ನೆಮಟೋಡ್ ಇದೆಯೇ" ಎಂದಷ್ಟೇ ಕೇಳದೆ "ಯಾವ ಪ್ರಭೇದ, ಯಾವ ವಿಧಾನದಿಂದ ಹೇಳುತ್ತಿದ್ದೀರಿ" ಎಂದೂ ಕೇಳಬೇಕು. ಗಂಟು ಕಾಣಲಿಲ್ಲವೆಂದೂ ನಿಶ್ಚಿಂತೆಯಿಂದಿರುವಂತಿಲ್ಲ: ಬೇರು ಹೊಕ್ಕು ವಾರವೂ ಆಗದ ಮರಿಗಳಿಂದ ಗಂಟು ಇನ್ನೂ ಎದ್ದಿರುವುದಿಲ್ಲ. ಒಂದು ಲಾರಿ ಸಸಿಯ ಬೆಲೆಯ ಮುಂದೆ ಕೆಲವು ಸಸಿಗಳ ಎಳೆ ಬೇರನ್ನು ಪಿಸಿಆರ್ ಪರೀಕ್ಷೆಗೆ ಕೊಡುವ ಖರ್ಚು ಏನೂ ಅಲ್ಲ.